ಮಾರ್ಸೋನ ಕಾಣದ ತೇಪೆ

ಫೆರ್ನಾಂ ಲೊರಿಯೋ ಹನ್ನೆರಡು ಗಂಟೆ ಬಾಕಿ ಉಳಿಸಿಕೊಂಡೇ ಮಣ್ಣಿಗೆ ಹೋದ. ದುಡ್ಡಿನ ಬಾಕಿಯಲ್ಲ. 1959ರ ಜೂನ್ ತಿಂಗಳ ಒಂದು ಭಾನುವಾರ, ಬೆಳಗಿನ ನಾಲ್ಕರಿಂದ ಸಂಜೆ ನಾಲ್ಕರ ತನಕ ಅವನು ಬಾವುಟ ಹಿಡಿದು ನಿಲ್ಲಬೇಕಾಗಿದ್ದ ಪಾಳಿ ಅದು. ಅವನ ಬದಲು ನಿಂತವನು ಮಾರ್ಸೋ ಬೆಲಾಂಜೆ. ಆಮೇಲೆ ಎಲ್ಲಿ ಎದುರಾದರೂ ಫೆರ್ನಾಂ, "ನಿನ್ ಹನ್ನೆರಡ್ ಗಂಟೆ ತೀರಿಸ್ತೀನಿ ಕಣೋ, ತಲೆ ಕೆಡಿಸ್ಕೋಬೇಡ" ಅನ್ನುತ್ತಿದ್ದ. ತೀರಿಸಲಿಲ್ಲ. ಅದಕ್ಕೆ ಅವನೊಬ್ಬನನ್ನೇ ಬೈಯುವ ಹಾಗೂ ಇಲ್ಲ.

ಲೆ ಮಾನ್ ಊರಿನಿಂದ ತೆಂಕಲಿಗೆ, ಪೈನ್ ಮರಗಳ ನಡುವೆ ನೂಲು ಹಿಡಿದು ಎಳೆದ ಹಾಗೆ ಒಂದು ರಸ್ತೆ ಹೋಗುತ್ತದೆ. ವರ್ಷವಿಡೀ ಅದು ಬರೀ ರಸ್ತೆ. ಎಲೆಕೋಸಿನ ಲಾರಿ, ಹಾಲಿನ ಕ್ಯಾನು, ಅಂಚೆಯವನ ಸೈಕಲ್ಲು, ಹೊಲ ಬದಲಾಯಿಸುವ ದನಗಳು. ಜೂನ್‌ನ ಒಂದು ಶನಿವಾರ ಸಂಜೆ ನಾಲ್ಕಕ್ಕೆ ಅದರ ಮೈಮೇಲೆ ದೆವ್ವ ಬರುತ್ತದೆ. ಭಾನುವಾರ ಸಂಜೆ ನಾಲ್ಕಕ್ಕೆ ಇಳಿಯುತ್ತದೆ. ನಡುವಿನ ಇಪ್ಪತ್ನಾಲ್ಕು ಗಂಟೆ ಹಗಲು, ಇರುಳು, ಮಳೆ, ಮಂಜು ಯಾವುದನ್ನೂ ಲೆಕ್ಕಿಸದೆ ಕಾರುಗಳು ಸುತ್ತುತ್ತಲೇ ಇರುತ್ತವೆ. ಹೆಚ್ಚು ದೂರ ಓಡಿದವನು ಗೆದ್ದ. ಗೆದ್ದವನ ಹೆಸರು ಕಲ್ಲಿನಲ್ಲಿ ಕೆತ್ತುತ್ತಾರೆ. ಅವನ ಕಾಲ ಕೆಳಗಿನ ರಸ್ತೆಯನ್ನು ಗುಡಿಸಿದವನ ಹೆಸರನ್ನು ಯಾರೂ ಬಳಪದಲ್ಲಿ ಕೂಡ ಬರೆದದ್ದಿಲ್ಲ.

ಮಾರ್ಸೋನ ಅಪ್ಪ ಅರಿಸ್ತೀದ್ ಆ ರಸ್ತೆಯ ಗ್ಯಾಂಗ್‌ಮನ್. ನಾಲ್ಕು ಮೈಲಿ ರಸ್ತೆ ಅವನ ಪಾಲಿಗೆ ಬಿದ್ದಿತ್ತು. ಚರಂಡಿ ತೋಡುವುದು, ಹುಲ್ಲು ಸವರುವುದು, ಗುಂಡಿ ಮುಚ್ಚುವುದು. 1923ರ ಮೇ ತಿಂಗಳಲ್ಲಿ ಮೊದಲ ಪಂದ್ಯ ನಡೆದಾಗ ಮಾರ್ಸೋ ಮೂರು ವಾರದ ಕೂಸು. ಆಗ ರಸ್ತೆಗೆ ಸರಿಯಾಗಿ ಡಾಂಬರೂ ಇರಲಿಲ್ಲ. ಜಲ್ಲಿ, ಮಣ್ಣು, ಮೇಲೊಂದಿಷ್ಟು ಕರಿ ಬಳಿದದ್ದು. ಪಂದ್ಯ ಶುರುವಾಗುತ್ತಲೇ ಆಲಿಕಲ್ಲು ಮಳೆ ಸುರಿಯಿತು. ಅರಿಸ್ತೀದ್ ಗೋಣಿಚೀಲ ಹೊದ್ದುಕೊಂಡು, ಲಾಟೀನು ಹಿಡಿದು, ಕಾರು ಹೋದ ಬೆನ್ನಿಗೇ ಗುಂಡಿಗೆ ಜಲ್ಲಿ ಸುರಿದ. ಮನೆಗೆ ಬಂದಾಗ ಅವನ ಹಣೆಯಲ್ಲಿ ಕೋಳಿಮೊಟ್ಟೆಯಷ್ಟು ಬುಗುಟು ಇತ್ತು. ಕಾರಿನ ಚಕ್ರ ಹಾರಿಸಿದ ಕಲ್ಲೋ, ಆಕಾಶ ಎಸೆದದ್ದೋ ಎಂದು ಅವನು ಕಡೆಗೂ ತೀರ್ಮಾನಿಸಲಿಲ್ಲ.

ಆ ಅಪ್ಪನಿಗೆ ಒಂದು ಜಂಬವಿತ್ತು. ಅವನು ಹಾಕಿದ ತೇಪೆ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಡಾಂಬರು ಸುರಿದು, ಸಣ್ಣ ಜಲ್ಲಿ ಹಾಸಿ, ದಿಮ್ಮಸು ಹಾಕಿ, ಕಡೆಗೆ ಮನೆಯ ಒಲೆಯ ಬೂದಿಯನ್ನು ಜರಡಿ ಹಿಡಿದು ತೆಳ್ಳಗೆ ಉದುರಿಸಿ ಕಾಲಿನಿಂದ ತಿಕ್ಕುತ್ತಿದ್ದ. ಹೊಸ ಕರಿಯ ಮೇಲೆ ಹಳೆ ರಸ್ತೆಯ ಬೂದುಬಣ್ಣ ಕೂತುಬಿಡುತ್ತಿತ್ತು. ಗ್ಯಾಂಗಿನವರು ಬಾಜಿ ಕಟ್ಟುತ್ತಿದ್ದರು: ಅರಿಸ್ತೀದನ ತೇಪೆ ಹುಡುಕಿದವರಿಗೆ ಒಂದು ಬಾಟಲಿ ವೈನ್. ಆ ಬಾಟಲಿಯನ್ನು ಯಾವಾಗಲೂ ಕುಡಿದವನು ಅರಿಸ್ತೀದನೇ.

"ಕಂಡ್ರೆ ಅದು ತೇಪೆ ಅಲ್ಲ ಕಣೋ, ಗಾಯ," ಎಂದು ಮಗನಿಗೆ ಹೇಳುತ್ತಿದ್ದ. "ಗಾಯ ಊರಿಗೆಲ್ಲ ತೋರಿಸ್ಕೊಂಡು ತಿರುಗೋನು ಭಿಕ್ಷುಕ."

ಮಾರ್ಸೋ ಹದಿನೈದಕ್ಕೆ ಸಲಿಕೆ ಹಿಡಿದ. ಯುದ್ಧ ಬಂತು, ಪಂದ್ಯ ನಿಂತಿತು. ಪಕ್ಕದ ವಿಮಾನದ ಬಯಲಿಗೆ ಬಿದ್ದ ಬಾಂಬುಗಳಲ್ಲಿ ಕೆಲವು ದಾರಿ ತಪ್ಪಿ ರಸ್ತೆಗೂ ಬಿದ್ದವು. ಯುದ್ಧ ಮುಗಿದ ಮೇಲೆ ಮೂರು ವರ್ಷ ಅವನು ಬಾಂಬಿನ ಹೊಂಡ ತುಂಬಿದ. 1949ರಲ್ಲಿ ಕಾರುಗಳು ಮತ್ತೆ ಬಂದಾಗ, ನೆಟ್ಟಗಿನ ರಸ್ತೆ ಮುಗಿಯುವ ಕಡೆ ಸ್ವಲ್ಪ ಬಲಕ್ಕೆ ಬಾಗುತ್ತದಲ್ಲ, ಮುಂದಿನ ಅಪಾಯವನ್ನು ಚಾಲಕರಿಗೆ ಬಾವುಟ ಹಿಡಿದು ತಿಳಿಸುವ ಅಲ್ಲಿನ ಠಾಣೆಗೆ ಹೆಸರು ಕೊಟ್ಟ. ಅದಕ್ಕೆ ಸಂಬಳವಿಲ್ಲ. ತೋಳಿಗೊಂದು ಪಟ್ಟಿ, ರಿಯೆತ್ ಬಳಿದ ಎರಡು ತುಂಡು ಬ್ರೆಡ್ಡು, ಒಂದು ಬಾಟಲಿ ಸೇಬಿನ ಮದ್ಯ. ನಮ್ಮ ಕಡೆಯ ಗಂಡಸರು ಹಂದಿಮಾಂಸದ ಆ ರಿಯೆತ್‌ಗೆ ಜೀವ ಒತ್ತೆ ಇಡುವವರು; ಜೀವವನ್ನೇ ಇಟ್ಟು ನಿಂತರು.

ಆಗ ಅವನಿಗೆ ಹೆದರಿಕೆ ಇರಲಿಲ್ಲ. ಹೆದರಿಕೆ ಬಂದದ್ದು 1955ರಲ್ಲಿ.

ಆ ಶನಿವಾರ ಸಂಜೆ ಆರೂವರೆಯ ಹೊತ್ತಿಗೆ ಪೈನ್ ಮರಗಳ ತುದಿಯ ಮೇಲೆ ಕಪ್ಪು ಹೊಗೆ ಎದ್ದಿತು. ಠಾಣೆಯ ಫೋನಿನಲ್ಲಿ ಯಾರೋ ಏನೋ ಹೇಳಿದರು, ಆಮೇಲೆ ಫೋನು ಸುಮ್ಮನಾಯಿತು. ಕಾರುಗಳು ಮಾತ್ರ ಬರುತ್ತಲೇ ಇದ್ದವು. ಒಂದು ಕಾರು ಜನರ ನಡುವೆ ಹಾರಿ ಎಂಬತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಠಾಣೆಯವರಿಗೆ ಅದು ಪೂರ್ತಿ ಗೊತ್ತಾದದ್ದು ಬೆಳಗಿನ ಜಾವ. ಅಷ್ಟು ಹೊತ್ತೂ ಮಾರ್ಸೋ ಸತ್ತವರ ಎದುರಿನಿಂದ ಹಾದುಬಂದ ಕಾರುಗಳಿಗೆ ಬಾವುಟ ತೋರಿಸುತ್ತಾ ನಿಂತಿದ್ದ.

ಅಂದಿನಿಂದ ಅವನಿಗೆ ರಸ್ತೆ ರಸ್ತೆಯಾಗಿ ಕಾಣಲಿಲ್ಲ. ಚರಂಡಿ ತೋಡುವಾಗ ಒಂದು ಬೋಲ್ಟು ಸಿಕ್ಕರೆ ಅಂಗೈ ಬೆವರುತ್ತಿತ್ತು. ಒಂದು ಕಲ್ಲು ಕಂಡರೆ ಅದು ಎಷ್ಟು ದೂರ ಹಾರೀತು, ಯಾರ ಹಣೆಗೆ ತಾಗೀತು ಎಂದು ಲೆಕ್ಕ ಹಾಕುತ್ತಿದ್ದ. ಹಾಸಿಗೆಯಲ್ಲಿ ಮಗ್ಗುಲು ಬದಲಾಯಿಸುತ್ತಿದ್ದರೆ ಹೆಂಡತಿ ಸೊಲಾಂಜ್ ರೇಗುತ್ತಿದ್ದಳು: "ನೀನು ಆ ರಸ್ತೇನೇ ಮದುವೆ ಆಗ್ಬೇಕಿತ್ತು. ನನ್ ಮೈಮೇಲೆ ಬಿದ್ರೂ ನಿಂಗೆ ಅದರದ್ದೇ ಧ್ಯಾನ."

ಆ ದುರಂತದ ಮೇಲೆ ಮೇಲಿನವರಿಗೂ ಹೆದರಿಕೆ ಹುಟ್ಟಿತು. ಪಂದ್ಯದ ವಾರದಲ್ಲಿ ಯಾವ ಗ್ಯಾಂಗ್‌ಮನ್ ಎಲ್ಲಿ ತೇಪೆ ಹಾಕಿದರೂ ಓವರ್ಸಿಯರ್‌ಗೆ ಹೇಳಲೇಬೇಕು. ಅವನು ಬಂದು ನೋಡಬೇಕು, ಸರಿಯಿಲ್ಲದಿದ್ದರೆ ಅಗೆಸಿ ಮತ್ತೆ ಹಾಕಿಸಬೇಕು. ನಾಲ್ಕು ವರ್ಷ ಮಾರ್ಸೋ ಉಗುರಷ್ಟು ಸೀಳು ಕಂಡರೂ ಹೇಳಿದ. ಹೇಳದೆ ಇದ್ದದ್ದು ಒಂದೇ ಸಲ.

1959ರ ಪಂದ್ಯಕ್ಕೆ ಎರಡು ದಿನ ಮುಂಚೆ, ಗುರುವಾರ ಬೆಳಗ್ಗೆ, ಸೊಲಾಂಜಳ ತಮ್ಮ ಗ್ಯುಸ್ತಾವ್ ಟ್ರಾಕ್ಟರಿನ ಹಿಂದೆ ಹೆಂಟೆ ಒಡೆಯುವ ಹಲುಬೆ ಕಟ್ಟಿಕೊಂಡು ಹೊಲಕ್ಕೆ ಹೊರಟಿದ್ದ. ಸರಪಳಿ ಬಿಚ್ಚಿಕೊಂಡು ಹಲುಬೆ ರಸ್ತೆಗೆ ಬಿತ್ತು. ಕಬ್ಬಿಣದ ಹಲ್ಲುಗಳು ಡಾಂಬರನ್ನು ಮೊಳದುದ್ದ, ಗೇಣಗಲ ಕಿತ್ತುಹಾಕಿದವು. ಬಿದ್ದದ್ದಾದರೂ ಎಲ್ಲಿ? ರಸ್ತೆ ಬಲಕ್ಕೆ ಬಾಗುವ ಜಾಗದಲ್ಲೇ, ಮಾರ್ಸೋನ ಠಾಣೆಯ ಎದುರೇ. ಕಾರು ತನ್ನೆಲ್ಲ ಭಾರವನ್ನು ಎಡಗಾಲಿನ ಮೇಲೆ ಹಾಕಿ ವಾಲುವ ಕಡೆ.

"ಭಾವ, ಓವರ್ಸಿಯರ್‌ಗೆ ಹೇಳ್ಬೇಡ," ಎಂದು ಗ್ಯುಸ್ತಾವ್ ಟೋಪಿ ಕೈಯಲ್ಲಿ ಹಿಡಿದುಕೊಂಡು ನಿಂತ. "ಹೋದ ತಿಂಗಳಷ್ಟೇ ದಂಡ ಹಾಕಿದಾನೆ. ಇನ್ನೊಂದ್ಸಲ ಆದ್ರೆ ಟ್ರಾಕ್ಟರ್ ರಸ್ತೆಗೆ ಇಳಿಸಕ್ಕೇ ಬಿಡಲ್ಲ ಅಂದಿದಾನೆ. ಹುಲ್ಲು ಹೊಲದಲ್ಲೇ ಕೊಳೆಯುತ್ತೆ. ಅಕ್ಕನ ಮುಖ ನೋಡಾದ್ರೂ..."

"ಅಕ್ಕನ ಮುಖ ದಿನಾ ನೋಡ್ತೀನಿ. ಸರಪಳಿಗೆ ಪಿನ್ನು ಹಾಕಕ್ಕೆ ನಿಂಗೇನ್ ರೋಗ?"

"ಮರೆತೆ ಭಾವ."

ಮಾರ್ಸೋ ಗುಂಡಿಯನ್ನು ನೋಡಿದ. ಅಂಥ ಗುಂಡಿಯನ್ನು ಚೌಕಾಕಾರ ಕತ್ತರಿಸಿ, ಒಣಗಿಸಿ, ಎರಡು ಪದರವಾಗಿ ತುಂಬಿ, ಒಂದು ವಾರ ಲಾರಿಗಳು ತುಳಿದು ಗಟ್ಟಿ ಮಾಡಲು ಬಿಡಬೇಕು. ವಾರ ಎಲ್ಲಿತ್ತು? ಮಾರನೆಯ ದಿನ ರಸ್ತೆ ಮುಚ್ಚುತ್ತಿತ್ತು. ಅವನು ಒಂದೇ ಸಲಕ್ಕೆ ಡಾಂಬರು ಸುರಿದ, ಬೇಕಾದದ್ದಕ್ಕಿಂತ ಹೆಚ್ಚೇ ಸುರಿದ. ಜಲ್ಲಿ ಹಾಸಿದ, ದಿಮ್ಮಸು ಹಾಕಿದ. ಆಮೇಲೆ ಕೈ ತನ್ನಷ್ಟಕ್ಕೆ ಅಪ್ಪನ ಕೆಲಸ ಮಾಡಿತು. ಮನೆಗೆ ಹೋಗಿ ಒಲೆಯ ಬೂದಿ ತಂದು ಉದುರಿಸಿ, ಕಾಲಿನಿಂದ ತಿಕ್ಕಿದ. ಸಂಜೆ ಸೈಕಲ್ಲಿನಲ್ಲಿ ಹಿಂತಿರುಗುವಾಗ ತೇಪೆ ಎಲ್ಲಿದೆಯೆಂದು ಅವನೇ ಇಳಿದು ಹುಡುಕಬೇಕಾಯಿತು. ಹುಡುಕಿ, ಸಿಕ್ಕಿ, ಒಬ್ಬನೇ ನಕ್ಕ. ಆ ನಗುವಿಗೆ ಅವನು ಸಾಯುವ ತನಕ ತನ್ನನ್ನು ಕ್ಷಮಿಸಲಿಲ್ಲ.

ಶನಿವಾರ ಬಿಸಿಲು ಹೆಂಚು ಕಾಯಿಸಿದ ಹಾಗಿತ್ತು. ನಾಲ್ಕು ಗಂಟೆಗೆ ಚಾಲಕರು ರಸ್ತೆಗೆ ಅಡ್ಡವಾಗಿ ಓಡಿ ಕಾರು ಹತ್ತಿದರಂತೆ. ಠಾಣೆಗೆ ಅದು ಕಾಣುವುದಿಲ್ಲ, ಕೇಳಿಸುತ್ತದೆ. ಮೊದಲು ಜೇನುಗೂಡಿಗೆ ಕಲ್ಲು ಬಿದ್ದ ಸದ್ದು, ಆಮೇಲೆ ಮರಗಳೇ ಹರಿದುಹೋಗುವ ಸದ್ದು, ಆಮೇಲೆ ಎದುರಿಗೆ. ಐವತ್ತಕ್ಕೂ ಹೆಚ್ಚು ಕಾರು. ಒಂದೊಂದೂ ಬಲಕ್ಕೆ ತಿರುಗಿದಾಗ ಎಡಚಕ್ರ ಸರಿಯಾಗಿ ಅವನ ತೇಪೆಯ ಮೇಲೆ. ಮಾರ್ಸೋನಿಗೆ ತನ್ನ ಎದೆಯ ಮೇಲೆ ಹಾದಂತಾಗುತ್ತಿತ್ತು. ಒಂದು. ಇನ್ನೊಂದು. ಅವನಿಗೆ ಉಸಿರು ಬಿಡುವುದಕ್ಕೂ ಪುರುಸೊತ್ತಿಲ್ಲ.

ಆರರ ಹೊತ್ತಿಗೆ ಅವನ ಕಣ್ಣಿಗೆ ಒಂದು ಹೊಳಪು ಬಿತ್ತು. ಬೂದಿಯ ಒಳಗಿನಿಂದ ಡಾಂಬರು ಬೆವರುತ್ತಿತ್ತು, ಮನುಷ್ಯನ ಮೇಲ್ದುಟಿ ಬೆವರುವ ಹಾಗೆ. ಸ್ವಲ್ಪ ಹೊತ್ತಿಗೆ ಠಾಣೆಯ ತಗಡಿನ ಮಾಡಿನ ಮೇಲೆ ಟಣ್ ಎಂದಿತು. ಒಂದು ಜಲ್ಲಿ ಕಲ್ಲು. ಕಡಲೆಯಷ್ಟು.

ಮಾರ್ಸೋ ಹಳದಿಯ ಮೇಲೆ ಕೆಂಪು ಪಟ್ಟಿಯ ಬಾವುಟ ಎತ್ತಿ ಹಿಡಿದ. ರಸ್ತೆ ಜಾರುತ್ತದೆ, ಹುಷಾರು ಎಂದು ಅದರ ಅರ್ಥ.

ಠಾಣೆಯ ಮೇಸ್ತ್ರಿ ದುಗಾಸ್ ತಗಡಿನ ಗೂಡಿನಿಂದ ಹೊರಗೆ ಬಂದ. ರೈಲ್ವೆಯಲ್ಲಿ ಸಿಗ್ನಲ್ಲಿನವನಾಗಿ ನಿವೃತ್ತನಾದ ಮುದುಕ. ಎಡಗೈಯ ಎರಡು ಬೆರಳಿಲ್ಲ. ಪೂರ್ತಿ ಇಪ್ಪತ್ನಾಲ್ಕು ಗಂಟೆಯೂ ಠಾಣೆ ಅವನದು. ಕುರ್ಚಿಯಲ್ಲೇ ಕೂತು ಕೋಳಿನಿದ್ದೆ ಮಾಡುತ್ತಿದ್ದ.

"ಏನೋ ಅದು?"

"ಎಣ್ಣೆ, ಮೇಸ್ತ್ರಿ."

"ಎಲ್ಲಿ?"

"ಅಲ್ಲಿ. ಬಾಗೋ ಕಡೆ."

ದುಗಾಸ್ ಠಾಣೆಯ ಮುಂದಿನ ಮಣ್ಣಿನ ದಿಬ್ಬದ ಮೇಲೆ ಮಲಗಿ, ಕಣ್ಣು ಕಿರಿದು ಮಾಡಿ ನೋಡಿದ. ಆರು ಕಾರು ಹೋಗುವ ತನಕ ನೋಡಿದ. ಅವನಿಗೆ ಕಂಡದ್ದು ಬೂದುಬಣ್ಣದ, ಒಂದೇ ಸಮನಾದ, ಅರಿಸ್ತೀದನ ಮಗ ಕಾಯುವ ರಸ್ತೆ.

"ಎಣ್ಣೆ ನಿನ್ ತಲೇಲಿದೆ," ಎಂದ ಎದ್ದು ಮಣ್ಣು ಕೊಡವಿಕೊಳ್ಳುತ್ತಾ. "ಐವತ್ತೈದರಿಂದ ನಿಂಗೆ ಎಲ್ಲಿ ನೋಡಿದ್ರೂ ಎಣ್ಣೇನೇ. ಲೋ, ಸುಳ್ಳು ಬಾವುಟ ಒಂದ್ಸಲ ತೋರಿಸಿದ್ರೆ, ನಾಳೆ ನಿಜವಾದ್ದು ತೋರಿಸಿದಾಗ ಒಬ್ಬನೂ ಆಕ್ಸಿಲರೇಟರಿಂದ ಕಾಲು ಎತ್ತಲ್ಲ. ಇಳಿಸು."

"ಮೇಸ್ತ್ರಿ, ಅದು..."

"ಅದು ಏನು? ಹೇಳು. ಕಂಡಿದ್ದು ಹೇಳು."

ಹೇಳಬಹುದಿತ್ತು. ಬಾಯಿ ತೆರೆದೂ ಇದ್ದ. ಆದರೆ ನಾಲಗೆಯ ಮೇಲೆ ಏನೇನೋ ಬಂದು ಕೂತವು: ಗ್ಯುಸ್ತಾವನ ಟೋಪಿ, ಸರ್ಕಾರ ಕೊಟ್ಟ ರಸ್ತೆಬದಿಯ ಮನೆ, ಮಗಳು ಲಿಲಿಯಾನಳ ಶಾಲೆ, ಅಪ್ಪನ ಬಾಟಲಿಗಳು. ಅವೆಲ್ಲಕ್ಕಿಂತ ಮೇಲೆ ಆ ಕಪ್ಪು ಹೊಗೆ. ಈಗ ಹೇಳಿದರೆ, ಗುರುವಾರದಿಂದ ಗೊತ್ತಿದ್ದೂ ಸುಮ್ಮನಿದ್ದೆಯಾ ಎಂದು ಕೇಳುತ್ತಾರೆ. ಹೆದರಿಕೆಯ ಗುಣವೇ ಅದು. ಮೊದಲ ಗಂಟೆಯಲ್ಲಿ ಒಂದು ಮಾತಿನಷ್ಟು ಇರುತ್ತದೆ, ಎರಡನೆಯ ಗಂಟೆಗೆ ಮನೆಯಷ್ಟಾಗುತ್ತದೆ.

"ಏನಿಲ್ಲ ಮೇಸ್ತ್ರಿ," ಎಂದು ಬಾವುಟ ಇಳಿಸಿದ.

ಕತ್ತಲಾಯಿತು. ಬೇರೆಯವರಿಗೆ ಇರುಳೆಂದರೆ ಹೆದರಿಕೆ. ಮಾರ್ಸೋನಿಗೆ ಆ ಇರುಳು ತಾಯಿಯ ಮಡಿಲಾಯಿತು. ತಂಪು ಬಿದ್ದಂತೆ ಡಾಂಬರು ಗಟ್ಟಿಯಾಯಿತು. ಹಾರುವ ಕಲ್ಲು ನಿಂತಿತು. ಕಾರಿನ ದೀಪ ಬೀಸಿ ಹೋದಾಗಲೆಲ್ಲ ತೇಪೆ ಮಂಕಾಗಿ, ಒಣಗಿ ಕಾಣುತ್ತಿತ್ತು. ಹೀಗೇ ಇರಲಿ, ಸೂರ್ಯ ಹುಟ್ಟದೇ ಇರಲಿ ಎಂದು ಬೇಡಿಕೊಂಡ. ಚರ್ಚಿಗೆ ಕ್ರಿಸ್‌ಮಸ್ಸಿಗೆ ಮಾತ್ರ ಹೋಗುವವನು ಯಾರನ್ನು ಬೇಡಿಕೊಂಡನೋ, ಅವನಿಗೇ ಗೊತ್ತಿರಲಿಲ್ಲ.

ಬೆಳಗಿನ ನಾಲ್ಕಕ್ಕೆ ಫೆರ್ನಾಂ ಬಂದ. ಕಾರು ಕಾರ್ಖಾನೆಯಲ್ಲಿ ಬೆಸುಗೆ ಹಾಕುವವನು, ಮಾರ್ಸೋನ ಜೊತೆ ಶಾಲೆಯ ಬೆಂಚು ಸವೆಸಿದವನು. ಕಣ್ಣು ಕೆಂಪಗೆ, ಬಾಯಲ್ಲಿ ವೈನ್ ವಾಸನೆ.

ಆ ಠಾಣೆಯಲ್ಲಿ ಒಂದು ಪದ್ಧತಿಯಿತ್ತು. ದುಗಾಸ್ ರೈಲ್ವೆಯಿಂದ ತಂದದ್ದು. ಬಾವುಟವನ್ನು ನೆಲಕ್ಕೆ ಇಡುವಂತಿಲ್ಲ, ಗೋಡೆಗೆ ಒರಗಿಸುವಂತಿಲ್ಲ. ಕೈಯಿಂದ ಕೈಗೆ ಹೋಗಬೇಕು. ಕೊಡುವ ಮುಂಚೆ, ಬಂದವನು "ರಸ್ತೆ ಹೇಳು" ಅನ್ನಬೇಕು. ಹೋಗುವವನು ತನಗೆ ಗೊತ್ತಿರುವುದನ್ನೆಲ್ಲ ಹೇಳಬೇಕು. ಎಲ್ಲಿ ಒದ್ದೆ, ಎಲ್ಲಿ ಮರಳು, ಯಾವ ಕಾರಿನ ದೀಪ ಒಡೆದಿದೆ. ಬಂದವನು ಅದನ್ನು ತಿರುಗಿ ಒಪ್ಪಿಸಬೇಕು. ಆಮೇಲೆಯೇ ಬಾವುಟ.

"ರಸ್ತೆ ಹೇಳು," ಎಂದ ಫೆರ್ನಾಂ ಆಕಳಿಸುತ್ತಾ.

ಮಾರ್ಸೋ ತೇಪೆಯ ಕಡೆ ನೋಡಿದ.

"ಹೇಳೋ. ನಿಂತ್ಕೊಂಡೇ ನಿದ್ದೆ ಹೋದ್ಯಾ?"

ಚೊಕ್ಕಟವಾಗಿದೆ ಎಂದು ಹೇಳಲು ನಾಲಗೆ ಏಳಲಿಲ್ಲ. ಆ ಪದ್ಧತಿಯಲ್ಲಿ ಸುಳ್ಳು ಹೇಳಿದವನು ಅಲ್ಲಿಯ ತನಕ ಒಬ್ಬನೂ ಇರಲಿಲ್ಲ. ನಿಜ ಹೇಳಲು ಧೈರ್ಯ ಏಳಲಿಲ್ಲ. ಅವನು ಮೂರನೆಯದನ್ನು ಹುಡುಕಿಕೊಂಡ. ಹೇಡಿಗೆ ಯಾವಾಗಲೂ ಒಂದು ಮೂರನೆಯದು ಸಿಗುತ್ತದೆ.

"ನೀನು ಹೋಗಿ ಮಲ್ಕೋ ಫೆರ್ನಾಂ. ನಿನ್ ಅವತಾರ ನೋಡಿದ್ರೆ ಬಾವುಟ ಉಲ್ಟಾ ಹಿಡೀತೀಯ. ನಾನೇ ನಿಂತ್ಕೊತೀನಿ."

"ಇನ್ನೂ ಹನ್ನೆರಡು ಗಂಟೆ? ಹುಚ್ಚಾ ನಿಂಗೆ?"

"ಇನ್ನೊಂದ್ಸಲ ತೀರಿಸು."

"ದೇವರಂಥೋನು ಕಣೋ ನೀನು!" ಎಂದು ಫೆರ್ನಾಂ ಅವನ ಎರಡೂ ಕೆನ್ನೆಗೆ ಮುತ್ತು ಕೊಟ್ಟು, ಬ್ರೆಡ್ಡಿನ ಪೊಟ್ಟಣವನ್ನೂ ಬಾಟಲಿಯನ್ನೂ ಎತ್ತಿಕೊಂಡು ಪೈನ್ ಮರದ ಬುಡಕ್ಕೆ ಹೋಗಿ ಉರುಳಿದ. ಐದು ನಿಮಿಷದಲ್ಲಿ ಅವನ ಗೊರಕೆ ಕಾರುಗಳಿಗೆ ಪೈಪೋಟಿ ಕೊಡುತ್ತಿತ್ತು.

ಸೂರ್ಯ ಹುಟ್ಟಿದ. ಯಾರನ್ನು ಬೇಡಿಕೊಂಡಿದ್ದನೋ ಅವರು ಕೇಳಿಸಿಕೊಂಡಿರಲಿಲ್ಲ.

ಎಂಟಕ್ಕೆ ಡಾಂಬರು ಮತ್ತೆ ಬೆವರಿತು. ಎಂಟೂವರೆಗೆ ಕಲ್ಲು ಹಾರತೊಡಗಿದವು. ಓಡುತ್ತಿದ್ದ ಕಾರು ಈಗ ಇಪ್ಪತ್ತಕ್ಕೂ ಕಡಿಮೆ. ಚಾಲಕರು ಮಾತ್ರ ಬಳಲಿ, ಕಣ್ಣು ಮಂಜಾಗಿ, ಅಭ್ಯಾಸಬಲದಿಂದ ತಿರುಗಿಸುತ್ತಿದ್ದರು. ಮಾರ್ಸೋ ಮೇಸ್ತ್ರಿಯ ಕಡೆ ನೋಡಿದ. ದುಗಾಸ್ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಮೆಲ್ಲಗೆ ಪಟ್ಟಿ ಬಾವುಟ ಎತ್ತಿದ.

ಮೊದಲು ಬಂದ ಕೆಂಪು ಕಾರು ಕಾಲೆತ್ತಲಿಲ್ಲ. ಎರಡನೆಯದರ ಚಾಲಕ ಮುಷ್ಟಿ ತೋರಿಸಿದ. ರಸ್ತೆ ನೋಡಿದರೆ ಹಾಲು ಬಳಿದಂತಿದೆ, ಈ ಮುಟ್ಠಾಳ ಬಾವುಟ ಹಿಡಿದಿದ್ದಾನೆ. ಹಿಂದಿನ ದಿನ ದುಗಾಸ್ ಹೇಳಿದ್ದು ಕಣ್ಣೆದುರೇ ನಡೆಯುತ್ತಿತ್ತು. ಒಂದು ಪುಟ್ಟ ನೀಲಿ ಕಾರು ಮಾತ್ರ ಪ್ರತಿ ಸುತ್ತಿನಲ್ಲೂ ಕಾಲೆತ್ತಿ, ನಿಧಾನಿಸಿ ಹೋಗುತ್ತಿತ್ತು. ಪ್ರತಿ ನಾಲ್ಕೈದು ನಿಮಿಷಕ್ಕೊಮ್ಮೆ ಅದರ ಇಂಜಿನ್ನಿನ ದನಿ ಇಳಿದದ್ದು ಕೇಳಿ ಮಾರ್ಸೋನ ಕಣ್ಣಲ್ಲಿ ನೀರು ಬರುತ್ತಿತ್ತು. ಇಡೀ ಜಗತ್ತಿನಲ್ಲಿ ಅವನನ್ನು ನಂಬಿದವನು ಅವನೊಬ್ಬ.

ಹತ್ತಕ್ಕೆ ಇಪ್ಪತ್ತು ನಿಮಿಷವಿದ್ದಾಗ ತೇಪೆ ಎದ್ದಿತು. ದೊಡ್ಡ ಹಸಿರು ಕಾರೊಂದರ ಚಕ್ರಕ್ಕೆ ಅಂಟಿ, ಹಸುವಿನ ನಾಲಗೆಯಷ್ಟು ಡಾಂಬರು ಮೇಲಕ್ಕೆ ಸುಲಿದು ಬಂತು. ಅದರ ಬೆನ್ನಿಗೇ ಬಂದದ್ದು ನೀಲಿ ಕಾರು. ಕಾಲೆತ್ತಿದ್ದ, ಆದರೂ ಹಿಂಚಕ್ರ ಜಾರಿತು. ಒಂದು ಸುತ್ತು, ಎರಡು ಸುತ್ತು, ಮೂರು. ಹುಲ್ಲು, ಮಣ್ಣು, ಧೂಳು. ಮಾರ್ಸೋ ಅಪಾಯದ ಹಳದಿ ಬಾವುಟವನ್ನು ಎರಡೂ ಕೈಯಲ್ಲಿ ಹಿಡಿದು, ಒಕ್ಕಲಿಗ ಕಾಳು ತೂರುವ ಹಾಗೆ ಬೀಸಿದ. ಹಿಂದಿನಿಂದ ಕೆಂಪು ಕಾರು ಬರುತ್ತಿತ್ತು. ಅವನು ಕಣ್ಣು ಮುಚ್ಚಲಿಲ್ಲ. ಮುಚ್ಚಬೇಕೆನಿಸಿತು, ರೆಪ್ಪೆ ಕೇಳಲಿಲ್ಲ. ಕೆಂಪು ಕಾರು ಧೂಳಿನೊಳಗೆ ಹೊಕ್ಕಿತು. ಸದ್ದು. ಆಚೆ ಕಡೆಯಿಂದ ಹೊರಗೆ ಬಂತು. ಎರಡು ಕಾರಿನ ನಡುವೆ ಒಂದು ಗೇಣು ಜಾಗ ಇದ್ದಿರಬೇಕು.

ಧೂಳು ಇಳಿದಾಗ ನೀಲಿ ಕಾರು ಮಣ್ಣಿನ ದಿಬ್ಬಕ್ಕೆ ಹಿಂಬದಿ ಆನಿಸಿಕೊಂಡು ನಿಂತಿತ್ತು. ಒಬ್ಬ ದುಂಡನೆಯ ಮನುಷ್ಯ ಇಳಿದು, ದಿಬ್ಬ ಹತ್ತಿ, ಈಚೆಗೆ ಬಂದು ಕುಕ್ಕರಿಸಿದ. ಕನ್ನಡಕ ತೆಗೆದ.

"ಕಾರು ಮುಟ್ಟಬೇಡಿ," ಎಂದ ಮೊದಲು. "ಹೊರಗಿನವರು ಮುಟ್ಟಿದ್ರೆ ಪಂದ್ಯದಿಂದ ತೆಗೀತಾರೆ. ನಾನೇ ತಳ್ಕೊತೀನಿ. ಒಂದು ನಿಮಿಷ ಕೊಡಿ."

ದುಗಾಸ್ ಎದ್ದು ಓಡಿ ಬಂದಿದ್ದ. ಆ ಮನುಷ್ಯ ನಾಂತ್ ಊರಿನ ಹಲ್ಲಿನ ಡಾಕ್ಟರು. ವರ್ಷವಿಡೀ ಜನರ ಬಾಯಿ ಅಗೆದು ಕೂಡಿಟ್ಟ ದುಡ್ಡನ್ನು ವರ್ಷಕ್ಕೊಮ್ಮೆ ಈ ರಸ್ತೆಗೆ ಸುರಿಯುವವರಲ್ಲಿ ಒಬ್ಬ. ಮಾರ್ಸೋನ ಕಡೆ ತಿರುಗಿದ.

"ಎಂಟೂವರೆಯಿಂದ ಬಾವುಟ ಹಿಡಿದಿದ್ದು ನೀವೇ ಅಲ್ವಾ? ನಂಗೆ ಏನೂ ಕಾಣಿಸ್ತಿರ್ಲಿಲ್ಲ. ನಿಮಗೆ ಹೇಗೆ ಕಾಣಿಸ್ತು?"

ಡಾಕ್ಟರು ದಿಬ್ಬದ ಮೇಲಿಂದ ತಲೆ ಎತ್ತಿ, ಸುಲಿದುಹೋದ ತೇಪೆಯನ್ನು ನೋಡಿದ. ಸುತ್ತ ಬೂದುಬಣ್ಣ, ನಡುವೆ ಕಪ್ಪು ಬಾಯಿ. ಬಹಳ ಹೊತ್ತು ನೋಡಿದ, ರೋಗಿಯ ಬಾಯಿ ನೋಡುವ ಹಾಗೆ.

"ಯಾರೋ ತುಂಬಿದಾರೆ," ಎಂದ. "ಕೈ ಚೆನ್ನಾಗಿದೆ. ಬಣ್ಣ ಎಷ್ಟು ಚೆನ್ನಾಗಿ ಕೂಡಿಸಿದಾನೆ! ನಾನೂ ಹಾಗೇ ತುಂಬ್ತೀನಿ, ಹಲ್ಲು ಯಾವುದು ಸಿಮೆಂಟು ಯಾವುದು ಅಂತ ಹೆಂಡತಿಗೂ ಗೊತ್ತಾಗಬಾರದು. ಆದ್ರೆ ನಾನು ಚೀಟೀಲಿ ಬರೀತೀನಪ್ಪ. ಬರೀದಿದ್ರೆ ಮುಂದಿನ ಡಾಕ್ಟರು ಅಲ್ಲೇ ಇಕ್ಕಳ ಹಾಕ್ತಾನೆ."

"ನಾನೇ," ಎಂದ ಮಾರ್ಸೋ.

"ಏನು?" ಎಂದ ದುಗಾಸ್.

"ನಾನೇ ತುಂಬಿದ್ದು, ಮೇಸ್ತ್ರಿ. ಗುರುವಾರ. ಓವರ್ಸಿಯರ್‌ಗೆ ಹೇಳ್ಲಿಲ್ಲ. ಅದು ಕರಗ್ತಿದೆ ಅಂತ ನಿನ್ನೆ ಸಂಜೆ ಆರರಿಂದ ಗೊತ್ತು."

ದುಗಾಸ್‌ನ ಮುಖ ಮೊದಲು ಬೆಳ್ಳಗಾಯಿತು, ಆಮೇಲೆ ಕೆಂಪಗೆ. ಮೂರು ಬೆರಳಿನ ಕೈ ಎತ್ತಿದ. ಹೊಡೆಯುತ್ತಾನೆ ಎಂದು ಮಾರ್ಸೋ ಕಾದ. ಹೊಡೆದರೆ ಸಾಕಪ್ಪಾ ಎನ್ನುವಂತೆ ಕಾದ.

"ನಿಂಗೆ ಆಮೇಲೆ ಇದೆ," ಎಂದ ದುಗಾಸ್. "ಈಗ ಸಲಿಕೆ ತಗೋ."

ಫೋನು ಮಾಡಿ, ಹಿಂದಿನ ಠಾಣೆಗಳಲ್ಲೂ ಹಳದಿ ಬಾವುಟ ಎತ್ತಿಸಿದ. ಕಾರುಗಳು ನಿಧಾನಿಸಿದವು, ನಿಲ್ಲಲಿಲ್ಲ. ದುಗಾಸ್ ದಿಬ್ಬದ ಮೇಲೆ ನಿಂತು ಕಿವಿಗೊಟ್ಟು ಎಣಿಸಿದ. ಎರಡು ಗುಂಪಿನ ನಡುವೆ ಸಿಕ್ಕ ಅತಿ ದೊಡ್ಡ ಬಿಡುವು ನಲವತ್ತು ಸೆಕೆಂಡು. ಕೈ ಕೆಳಗೆ ಬಂದರೆ ಓಡುವುದು, ಕೂಗಿದರೆ ಹಿಂದಕ್ಕೆ.

ಮೊದಲ ಸಲ ಮಾರ್ಸೋ ಪಿಕಾಸಿಯಿಂದ ಸಡಿಲವಾದ ಡಾಂಬರನ್ನು ಕೆರೆದು ಎಸೆದ. ಎರಡನೆಯ ಸಲ ಗುಂಡಿಯ ಅಂಚು ಕಡಿದ. ಅಷ್ಟು ವರ್ಷ ಆ ರಸ್ತೆಯ ಮೇಲೆ ಮೊಣಕಾಲೂರಿದವನಿಗೆ ಆವತ್ತು ಅದು ಬೇರೆಯೇ ಪ್ರಾಣಿ ಅನ್ನಿಸಿತು. ಕಾರು ಬರುವುದು ಕಿವಿಗಿಂತ ಮುಂಚೆ ಮೊಣಕಾಲಿಗೆ ಗೊತ್ತಾಗುತ್ತಿತ್ತು. ಮೊದಲು ಒಂದು ಸಣ್ಣ ನಡುಕ, ಜ್ವರ ಬರುವ ಮುಂಚಿನ ಹಾಗೆ.

ಮೂರನೆಯ ಸಲ ಬಾಂಡಲಿಯಲ್ಲಿ ಒಣ ಜಲ್ಲಿ, ಸಿಮೆಂಟು ತಂದು ಸುರಿದು, ತುಳಿಯಲು ಎಡಗಾಲು ಇಟ್ಟ. ಬೂಟು ಅಂಟಿಕೊಂಡಿತು. ಮೊಣಕಾಲಿಗೆ ನಡುಕ ಬಂತು. ಎಳೆದ. ಬರಲಿಲ್ಲ.

"ಬಾರೋ!" ದುಗಾಸ್ ಕೂಗಿದ. "ಬಾರೋ ಕತ್ತೆ!"

ಅವನೇ ಸುರಿದ ಡಾಂಬರು ಅವನ ಕಾಲು ಹಿಡಿದಿತ್ತು. ಬಗ್ಗಿ ಬೂಟಿನ ದಾರ ಬಿಚ್ಚಲು ಹೋದ. ಬೆರಳು ಮರದ ತುಂಡಾಗಿದ್ದವು. ಮರಗಳಾಚೆ ಹರಿಯುವ ಸದ್ದು ಎದ್ದಿತು. ಚಡ್ಡಿ ಒದ್ದೆಯಾದದ್ದು ಅವನಿಗೆ ಗೊತ್ತಾಯಿತು. ಇದನ್ನು ಬರೆಯಬಾರದೆಂದು ಕೆಲವರು ಹೇಳಿದರು. ಅವನೇ ಎಲ್ಲರಿಗೂ ಹೇಳುತ್ತಿದ್ದ, ಹಾಗಾಗಿ ಬರೆಯುತ್ತೇನೆ. ದಾರ ಹರಿಯಿತೋ, ಕಾಲೇ ಸಣ್ಣದಾಯಿತೋ, ಬೂಟು ಅಲ್ಲೇ ಬಿಟ್ಟು ಕಾಲು ಹೊರಗೆ ಬಂತು. ದಿಬ್ಬದ ಮೇಲೆ ಬಿದ್ದ. ಬೆನ್ನ ಹಿಂದೆ ಗಾಳಿ ಹಾದುಹೋಯಿತು. ತಿರುಗಿ ನೋಡಿದಾಗ ಬೂಟು ಇರಲಿಲ್ಲ. ಅದು ಸಿಕ್ಕದ್ದು ಸಂಜೆ, ನೂರು ಹೆಜ್ಜೆ ಆಚೆ, ಚಪ್ಪಟೆಯಾಗಿ, ಒಣಮೀನಿನ ಹಾಗೆ.

ಇನ್ನೂ ಎರಡು ಸಲ ಅವನು ಒಂದು ಬರಿಗಾಲಿನಲ್ಲಿ ಓಡಿಹೋಗಿ ಬಂದ. ಗುಂಡಿ ತುಂಬಿತು. ಸುತ್ತ ಸಿಮೆಂಟಿನ ಬಿಳಿ ಚೆಲ್ಲಿ, ಅರ್ಧ ಮೈಲಿಯಿಂದ ಕಾಣುವಷ್ಟು ಕೊಳಕಾಗಿತ್ತು ಆ ತೇಪೆ. ಅರಿಸ್ತೀದ್ ಬದುಕಿದ್ದರೆ ಮಗನ ಮುಖಕ್ಕೆ ಉಗಿಯುತ್ತಿದ್ದ. ಆದರೆ ಅದನ್ನು ನೋಡಿ, ಬಾವುಟ ನೋಡದೆಯೇ, ಒಬ್ಬೊಬ್ಬ ಚಾಲಕನೂ ಒಂದು ಗೇಣು ಪಕ್ಕಕ್ಕೆ ಸರಿದು ಹೋದ. ನಾಂತ್‌ನ ಡಾಕ್ಟರು ಬೈಯುತ್ತಾ, ಬೆವರುತ್ತಾ, ತಾನೇ ಕಾರು ತಳ್ಳಿಕೊಂಡು ಹತ್ತಿ ಹೊರಟ. ಸಂಜೆ ನಾಲ್ಕಕ್ಕೆ ದೆವ್ವ ಇಳಿಯಿತು. ಯಾರೂ ಅಲ್ಲಿ ಸತ್ತಿರಲಿಲ್ಲ. ಫೆರ್ನಾಂ ಎದ್ದು ಮೈಮುರಿದು, "ಏನಾದ್ರೂ ಆಯ್ತೇನೋ?" ಎಂದ.

ಸೋಮವಾರ ಬೆಳಗ್ಗೆ ಮಾರ್ಸೋ ತಾನಾಗಿಯೇ ಓವರ್ಸಿಯರ್‌ನ ಬಾಗಿಲು ತಟ್ಟಿದ. ಮೂರು ತಿಂಗಳು ಕೆಲಸದಿಂದ ಹೊರಗೆ, ಆಮೇಲೆ ಐದು ವರ್ಷ ಬರೀ ಚರಂಡಿ. ಗ್ಯುಸ್ತಾವ್‌ಗೆ ದಂಡ ಬಿತ್ತು. ಎರಡು ಕ್ರಿಸ್‌ಮಸ್ಸು ಅವನು ಅಕ್ಕನ ಮನೆಗೆ ಕಾಲಿಡಲಿಲ್ಲ. ಸೊಲಾಂಜ್ ಗಂಡನನ್ನು ಬೈಯಲೂ ಇಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಗುರುವಾರನೇ ಹೇಳಿದ್ರೆ ಬೂಟಾದ್ರೂ ಉಳೀತಿತ್ತು," ಎಂದಳು.

ಮುಂದಿನ ವರ್ಷದಿಂದ ಒಂದು ಹೊಸ ನೋಟ ಶುರುವಾಯಿತು. ಪಂದ್ಯದ ಹಿಂದಿನ ಶುಕ್ರವಾರ, ರಸ್ತೆ ಮುಚ್ಚಿದ ಮೇಲೆ, ಮಾರ್ಸೋ ಸುಣ್ಣದ ಡಬ್ಬ ಹಿಡಿದು ನಾಲ್ಕು ಮೈಲಿಯೂ ನಡೆಯುತ್ತಿದ್ದ. ತಾನು ಹಾಕಿದ್ದು, ಬೇರೆಯವರು ಹಾಕಿದ್ದು, ಸತ್ತ ಅಪ್ಪ ಹಾಕಿದ್ದು, ಗೊತ್ತಿದ್ದ ಪ್ರತಿಯೊಂದು ತೇಪೆಯ ಸುತ್ತ ಒಂದು ಬಿಳಿ ಉಂಗುರ ಬಳಿಯುತ್ತಿದ್ದ. ದೂರದಿಂದ ರಸ್ತೆಯ ಮೇಲೆ ಮೊಟ್ಟೆ ಇಟ್ಟಂತೆ ಕಾಣುತ್ತಿತ್ತು. ನಮ್ಮ ಕಡೆ ಪುಕ್ಕಲನನ್ನು ಒದ್ದೆ ಕೋಳಿ ಅನ್ನುತ್ತಾರೆ. ಅವನಿಗೆ ಕೋಳಿ ಎಂದೇ ಹೆಸರು ಬಿತ್ತು. ಹೋಟೆಲಿನ ಮುಂದೆ ಹಾದರೆ ಒಳಗಿನಿಂದ ಕೊಕ್ಕೊಕ್ಕೋ ಎಂದು ಕೂಗುತ್ತಿದ್ದರು. "ಎಷ್ಟು ಮೊಟ್ಟೆ ಇಟ್ಟೆ ಕೋಳಿ, ಈ ವರ್ಷ?" "ಮೂವತ್ತೊಂದು," ಎಂದು ಅವನು ನಿಜವಾದ ಲೆಕ್ಕವನ್ನೇ ಹೇಳುತ್ತಿದ್ದ.

ಹೆದರಿಕೆ ಅವನನ್ನು ಬಿಡಲಿಲ್ಲ. ಓಡಿ ಕಾರು ಹತ್ತುವ ಆಟ ನಿಂತುಹೋಯಿತು, ಕಬ್ಬಿಣದ ತಡೆಗಳು ಬಂದವು, ನೆಟ್ಟಗಿನ ರಸ್ತೆಗೂ ಎರಡು ಕಡೆ ಸೊಂಟ ಮುರಿದು ತಿರುವು ಹಾಕಿದರು. ಎಪ್ಪತ್ತು ದಾಟುವ ತನಕ ಅವನು ಅದೇ ಠಾಣೆಯಲ್ಲಿ ನಿಂತ, ಅದೇ ಬೆವರಿನ ಅಂಗೈಯಲ್ಲಿ. ಹೊಸಬರು ಬಾವುಟಕ್ಕೆ ಕೈ ಚಾಚಿದರೆ ಕೊಡುತ್ತಿರಲಿಲ್ಲ. "ಮೊದ್ಲು ಕೇಳು. ನಾನು ಮುದುಕ, ಮರ್ಯಾದೆಗೆ ಅಂಜೋನು, ಕೇಳದೆ ಇದ್ರೆ ಹೇಳದೇ ಹೋಗಿಬಿಡ್ತೀನಿ. ಕೇಳಿದ್ರೂ ನುಂಗಿದೀನಿ ಒಂದ್ಸಲ. ಗಂಟಲು ಹಿಡಿದು ಕೇಳು."

ಫೆರ್ನಾಂ ಸತ್ತ, ಮಾರ್ಸೋನೂ ಸತ್ತ. ಫೆರ್ನಾಂ ಹನ್ನೆರಡು ಗಂಟೆ ಕೊಡಬೇಕಿತ್ತು. ಮಾರ್ಸೋ ಅವನಿಗೆ ಆ ಬೆಳಗಿನ ನಾಲ್ಕಕ್ಕೆ ರಸ್ತೆಯ ನಿಜ ಹೇಳಬೇಕಿತ್ತು. ಎರಡೂ ಬಾಕಿ ಹಾಗೇ ಇವೆ. ಜೂನ್ ಮಾತ್ರ ಪ್ರತಿ ವರ್ಷ ಬರುತ್ತದೆ. ಟಿಕೆಟ್ಟು ಕೊಂಡು ಕೂರುವವರು ಲಕ್ಷ, ದಿಬ್ಬದ ಹಿಂದೆ ನಿಲ್ಲುವವರು ಕಡಿಮೆಯಾಗುತ್ತಿದ್ದಾರೆ.

ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ನೋಡಲು ಬರಬೇಡಿ, ನಿಲ್ಲಲು ಬನ್ನಿ. ಫೆರ್ನಾಂನ ಹನ್ನೆರಡು ಗಂಟೆ ನೀವು ತೀರಿಸಿ. ಬ್ರೆಡ್ಡು, ರಿಯೆತ್ ಕೊಡುತ್ತಾರೆ, ಬೇರೇನೂ ಇಲ್ಲ. ಬೆಳಗಿನ ನಾಲ್ಕಕ್ಕೆ ದಿಬ್ಬದ ಹಿಂದೆ ನಿಮಗಿಂತ ಮೊದಲು ನಿಂತವನು ಬಾವುಟ ಚಾಚಿದಾಗ, ಅವನು ಎಷ್ಟೇ ಹಳಬನಾಗಿರಲಿ, ಎಷ್ಟೇ ಒಳ್ಳೆಯವನಾಗಿರಲಿ, ರಸ್ತೆ ಹೇಳು ಅನ್ನಿ. ನೀನು ಮಲಗು, ನಾನೇ ನಿಂತುಕೊಳ್ಳುತ್ತೇನೆ ಎಂದರೆ ಹೋಗಬೇಡಿ. ಅವನು ಬಾಯಿ ಬಿಡುವ ತನಕ ಅಲ್ಲೇ ನಿಂತಿರಿ.